ಮುಟ್ಟಬಾರದ ಬಂಟ

ಶಿವಪ್ರಕಾಶಾಚಾರಿಯ ಮನೆಯಲ್ಲಿ ದಾಳ ಉರುಳುವ ಸದ್ದು ಕೇಳಿ, ಇವನು ಜೂಜಿಗೆ ಬಿದ್ದ ಎಂದೇ ಪಕ್ಕದ ಮನೆಯ ದೇವರಾಜು ನಂಬಿದ್ದ. ಆಮೇಲೆ ತಿಳಿಯಿತು, ಅದು ಗೆಳೆಯರು ವೀರರೂ ಮಾಂತ್ರಿಕರೂ ಆಗಿ ಮೇಜಿನ ಸುತ್ತ ಕಥೆ ಕಟ್ಟುವ ಆಟ. ಅದಕ್ಕೆ ಆಚಾರಿ, ಮಣ್ಣಿನ ಬಂಟರಿಗೆ ಜೀವ ತುಂಬುವ 'ಬೊಂಬೆಗಾರ' ಎಂಬ ಹೊಸ ಪಾತ್ರವನ್ನು ಸೃಷ್ಟಿಸುತ್ತಿದ್ದಾನೆ. ಸೃಷ್ಟಿ ಎಂದರೆ ಸಾಮಾನ್ಯವೇ? ಶ್ರೀರಂಗಪಟ್ಟಣದ ಬಸ್ಸು ತಪ್ಪಿದರೆ "ಬ್ರಹ್ಮಂಗೂ ಲೇಟಾಗಿತ್ತು ಬುಡು" ಎನ್ನುತ್ತಾನೆ. ತಟ್ಟೆಯ ಮುದ್ದೆಗೆ ತೋಳು ಮೂಡಿಸಿ ಹೆಂಡತಿ ವೀಣಳಿಂದ ಬೈಸಿಕೊಳ್ಳುತ್ತಾನೆ. ಗೆಳೆಯರು ಒಪ್ಪದ ನಿಯಮ ಒಂದೇ: ಬಂಟನ ಕಣ್ಣು ತೆರೆದ ಮೇಲೆ ಮಾಡಿದವನೇ ಅವನನ್ನು ಮುಟ್ಟುವಂತಿಲ್ಲ. ಅದನ್ನು ತೆಗೆಯದಿದ್ದರೆ ನಿನ್ನ ಬೊಂಬೆಗಾರನೇ ಬೇಡ ಎಂದರೂ ಆಚಾರಿ ಜಗ್ಗಲಿಲ್ಲ. "ಮುಟ್ಟುದ್ರೆ ಕರೆಂಟ್ ಒಡೀತದೇನ್ಲಾ?" ಎಂದ ದೇವರಾಜು. "ನಮ್ಮಪ್ಪ ತಾನೇ ಕೆತ್ತಿದ ದೇವ್ರನ್ನ ಮುಟ್ಟಕ್ಕೋದಾಗ ಆಚೆಗೆ ನೂಕುದ್ದು ಕರೆಂಟಲ್ಲ ಕಣ್ಲಾ, ಪೂಜಾರಿ."