ಕೈಗೆ ಸಿಗದ ಕುರಿಗಳು

ಮೈಲಾರಪ್ಪ ಭಾವ ಕುರಿ ಎಣಿಸುತ್ತಿದ್ದುದು ಕಣ್ಣು ಮುಚ್ಚಿಕೊಂಡು. ಸಂಜೆ ರೊಪ್ಪದ ಬಾಗಿಲಲ್ಲಿ ಕೂತು, ಒಳಹೋಗುವ ಒಂದೊಂದರ ಬೆನ್ನ ಮೇಲೂ ಕೈಯಾಡಿಸಿ, "ಇದು ಕುಂಟಿ ಮಗಳು, ಇದು ಕೆಂಚಿ ಮೊಮ್ಮಗ" ಎಂದು ಗುರುತು ಹಿಡಿಯುತ್ತಿದ್ದರು. "ಕಣ್ಣಿಗೆ ಎಲ್ಲಾ ಕುರಿನೂ ಒಂದೇ ಕಣಲೇ. ಕೈಗೆ ಬೇರೆ ಬೇರೆ."

ಶ್ರೀರಾಂಪುರದಿಂದ ತಾಳ್ಯದವರೆಗೆ ನನ್ನ ಕೈಯಲ್ಲಿ ಬೇಸ್ತು ಬೀಳದ ಗಂಡಸಿಲ್ಲ, ಬೇಕಾದರೆ ವಿಚಾರಿಸಿ. ಅಕ್ಕನ ಗಂಡನನ್ನು ಬಿಡುತ್ತೇನೆಯೇ? ಒಂದು ಸಂಜೆ ಕಂಬಳಿ ಹೊದ್ದು, ಅಂಬೆಗಾಲಿಟ್ಟು ಕುರಿಗಳ ನಡುವೆ ನುಸುಳಿದೆ. ಬೆನ್ನ ಮೇಲೆ ಕೈ ಬಿತ್ತು. "ಇದ್ಯಾವ್ದೋ ಬೀಡಿ ಸೇದೋ ಟಗರು," ಎಂದವರೇ ಕಿವಿ ಹಿಂಡಿದರು. "ಲೇ ಇವ್ಳೇ, ನಿನ್ ತಮ್ಮ ಬಂದವ್ನೆ, ಹುಲ್ಲು ಹಾಕು!"

ಕೈ ಸೋಲದಿದ್ದರೆ ನಾಲಿಗೆಯಾದರೂ ಸೋಲಲಿ ಎಂದು, ಹೋಟೆಲಿನಲ್ಲಿ ಮೂವರಿಂದ "ಇವತ್ತು ಟೀಗೆ ಸಕ್ಕರೆನೇ ಬಿದ್ದಿಲ್ಲ" ಎನ್ನಿಸಿದೆ. ನಾನು ಅಕ್ಕನ ಮೇಲೆ ಆಣೆಯನ್ನೂ ಇಟ್ಟೆ. ಭಾವ ಇನ್ನೊಂದು ಗುಟುಕು ಕುಡಿದು, "ಹೌದಲ್ಲ, ಸಪ್ಪೆ ಐತೆ" ಎಂದು ಎರಡು ಚಮಚ ಹಾಕಿಸಿಕೊಂಡರು. ನಿಜ ತಿಳಿದ ಮೇಲೆ ಬೆರಗಾದರು: "ನಾಲ್ಕು ಬಾಯಿ ಸೇರಿದ್ರೆ ನನ್ ನಾಲಿಗೆನೂ ನಂದಲ್ಲ!"

ವಯಸ್ಸಾದಂತೆ ಎರಡೂ ಕಣ್ಣು ಹೋದವು. ಕುರಿಗಳು ಮಾಡದಕೆರೆಯಲ್ಲಿದ್ದ ಅವರ ತಮ್ಮನ ರೊಪ್ಪ ಸೇರಿದವು. ಹೋದ ವರ್ಷ ಭಾವ ಫೋನ್ ಮಾಡಿದರು: "ಲೇ, ನಮ್ ಅಂಗಳದಾಗೆ ಕುರಿ ನಿಲ್ಸಿ ಆಟ ಆಡ್ತಿದೀಯ?"

ಹೋದೆ. ಅಂಗಳ ಖಾಲಿ.

"ಮೈಮೇಲಿನ ಕೂದ್ಲುನೂ ಕಾಣ್ತಾವೆ ಕಣಲೇ. ಅರಚಲ್ಲ, ವಾಸ್ನೆ ಇಲ್ಲ, ಮುಟ್ಟಾಕೋದ್ರೆ ಕೈಗೆ ಸಿಗಲ್ಲ."

ದುರ್ಗದ ಡಾಕ್ಟರು, "ಹುಚ್ಚಲ್ಲ ಯಜಮಾನ್ರೆ. ಕಣ್ಣು ಏನೂ ತೋರಿಸ್ದೆ ಇದ್ರೆ ಮೆದುಳು ತಾನೇ ಚಿತ್ರ ಮಾಡ್ಕಳುತ್ತೆ," ಎಂದರು. ಬಸ್ಸಿನಲ್ಲಿ ಭಾವ ನನ್ನ ಮೊಣಕೈ ಹಿಡಿದರು.

"ಡಾಕ್ಟ್ರಿಗೂ ಹೇಳ್ಕೊಟ್ಟಿದ್ಯಾ?"

"ಇಲ್ಲ ಭಾವ, ಅಕ್ಕನಾಣೆ."

"ಟೀ ದಿನನೂ ಅವ್ಳ ಆಣೆನೇ ಇಟ್ಟಿದ್ದೆ."

ಕೊನೆಯ ಸಲ ಹೋದಾಗ ಅಂಗಳದಲ್ಲಿ ಸಾಲಾಗಿ ನೀರಿನ ಬೋಗುಣಿ ಇಟ್ಟಿದ್ದರು. "ದಿಟ ಹೇಳು. ಕುರಿ ತಂದೋನು ನೀನಾದ್ರೆ ನನ್ ತಲೆ ಸರಿ ಐತೆ. ನೀನಲ್ಲ ಅಂದ್ರೆ..."

ನಿಜ ಹೇಳಿ ಸೋತಿದ್ದೆ. "ನಾನೇ ಭಾವ," ಎಂದೆ.

ಮುಖ ಅರಳಿತು. "ವಾಸ್ನೆನೂ ಬರದಂಗೆ ಮಾಡಿದೀಯಲ್ಲೋ! ಈ ಸಲ ಗೆದ್ದೆ ಬಿಡು. ಹೊಡ್ಕಂಡು ಹೋಗು, ಬಿಸ್ಲು ಏರ್ತೈತೆ."

ಖಾಲಿ ಅಂಗಳದಲ್ಲಿ ಕೋಲು ಬಡಿಯುತ್ತಾ, ಬಾಗಿಲವರೆಗೆ ಇಲ್ಲದ ಕುರಿಗಳನ್ನು ಹೊಡೆದೆ.

"ಒಂದು ಉಳ್ಕಂತು ನೋಡಲೇ," ಭಾವ ನಗುತ್ತಾ ಕೂಗಿದರು.

"ಯಾವ ಕಡೆ ಭಾವ?" ಎಂದು ಕಣ್ಣಿದ್ದ ನಾನೇ ಕೇಳಿಬಿಟ್ಟೆ.

ಭಾವನ ನಗು ನಿಂತಿತು. ಆಮೇಲೆ ಬದುಕಿದ್ದಷ್ಟು ದಿನ ಅವರು ಕುರಿಯ ಮಾತೇ ಎತ್ತಲಿಲ್ಲ ಎಂದು ಅಕ್ಕ ಹೇಳಿದಳು. ಬೋಗುಣಿಗಳನ್ನು ತಾವೇ ತಡವಿ ಎತ್ತಿಟ್ಟರಂತೆ.