ಕುದಿಸಕ್ಕನ ಏಳು ಬ್ರಷ್ಷುಗಳು

ಮದುವೆಯಾದ ಹದಿನೆಂಟನೆಯ ದಿನ ಅವಳು ಏಳು ಬ್ರಷ್ಷುಗಳನ್ನು ಕುದಿಸಿದಳು. ಮಾಡಿದ್ದು ಒಳ್ಳೆಯ ಮನಸ್ಸಿನಿಂದಲೇ. ಆದರೆ ಕೆಟ್ಟ ಮನಸ್ಸಿನಿಂದ ಮಾಡಿದ್ದರೂ ಇದಕ್ಕಿಂತ ಅಚ್ಚುಕಟ್ಟಾಗಿ ಹಾಳು ಮಾಡಲು ಅವಳಿಂದ ಆಗುತ್ತಿರಲಿಲ್ಲ.

ಅವಳ ತವರಿನವರು ಆಸ್ಪತ್ರೆಯ ಬಟ್ಟೆ ಒಗೆದುಕೊಡುವವರು. ಹಾಸಿಗೆಯ ಬಟ್ಟೆ, ಡಾಕ್ಟರುಗಳ ಬಿಳಿ ಕೋಟು, ಟವೆಲು, ಏನೇ ಬಂದರೂ ಹಿತ್ತಿಲಿನ ದೊಡ್ಡ ಹಂಡೆಯಲ್ಲಿ ಸೋಪಿನ ಪುಡಿಯ ಜೊತೆ ಕುದಿದೇ ಹೊರಗೆ ಬರಬೇಕು. ತನ್ನ ಹೆಂಡತಿಯ ಕೈಗೆ ಸಿಕ್ಕರೆ ಅಳಿಯನನ್ನೂ ಒಮ್ಮೆ ಕುದಿಸಿಯೇ ಒಳಗೆ ಕರೆದುಕೊಳ್ಳುತ್ತಾಳೆ ಎಂದು ಅವಳ ಅಪ್ಪ ಮದುವೆಯಲ್ಲಿ ಎಲ್ಲರ ಮುಂದೆ ತಮಾಷೆ ಮಾಡಿದ್ದ. ಅಂಥ ಮನೆಯಲ್ಲಿ ಬೆಳೆದ ಹುಡುಗಿಗೆ ಗಂಡನ ಮನೆಯ ಮಂಚದ ಕೆಳಗೆ ಒಂದು ಚಪ್ಪಟೆ ತಗಡಿನ ಪೆಟ್ಟಿಗೆ ಸಿಕ್ಕಿತು. ಮುಚ್ಚಳ ತೆಗೆದರೆ ಒಳಗೆ ಏಳು ಉದ್ದ ಕೂದಲಿನ ಬ್ರಷ್ಷುಗಳು, ಕಪ್ಪು ಎಣ್ಣೆಯಲ್ಲಿ ಅಂಗಾತ ಮಲಗಿವೆ. ಮೂಗು ಮುಚ್ಚಿಕೊಳ್ಳುವಂಥ ವಾಸನೆ. ಗಂಡ ಬಣ್ಣದ ಕೆಲಸದವನು, ಇಷ್ಟು ಒಳ್ಳೆಯ ಕೆಲಸಗಾರ ಇಷ್ಟು ಕೊಳಕು ಬ್ರಷ್ಷು ಇಟ್ಟುಕೊಂಡಿದ್ದಾನಲ್ಲ ಎಂದು ಅವಳಿಗೆ ಅಯ್ಯೋ ಅನ್ನಿಸಿತು. ಪಾತ್ರೆ ಒಲೆಗೇರಿತು, ಸೋಪಿನ ಪುಡಿ ಬಿತ್ತು, ನೀರು ಕೊತಕೊತ ಕುದಿಯಿತು.

ಅರ್ಧ ಗಂಟೆಯ ಮೇಲೆ ಮೇಲಿನ ನೊರೆಯನ್ನು ಒಂದು ತಂಬಿಗೆಯಷ್ಟು ಮೋರಿಗೆ ಚೆಲ್ಲಿದಳು. ಆಮೇಲೆ ಬಗ್ಗಿ ನೋಡಿದಳು. ಹಿಡಿಗಳು ಫಳಫಳ ಹೊಳೆಯುತ್ತಿದ್ದವು. ಕೂದಲೆಲ್ಲ ಬೇರೆಯಾಗಿ ನೊರೆಯ ಮೇಲೆ ತೇಲುತ್ತಿತ್ತು. ಬ್ರಷ್ಷಿನ ಕೂದಲನ್ನು ಹಿಡಿದಿಡುವುದು ಅಂಟು, ಆ ಅಂಟು ಬಿಸಿನೀರಿಗೆ ಕರಗುತ್ತದೆ ಎಂದು ಹಾಸಿಗೆ ಬಟ್ಟೆ ಕುದಿಸುವ ಮನೆಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೂ ಅವಳ ತಲೆ ಓಡಿತು. ಉಳಿದ ನೀರನ್ನು ತೆಳು ಬಟ್ಟೆಯಲ್ಲಿ ಸೋಸಿ, ಸಿಕ್ಕಿದ ಕೂದಲನ್ನೆಲ್ಲ ಹಿಂಡದೆ ಹರಡಿಟ್ಟಳು.

ಅತ್ತೆ ಹಿತ್ತಿಲಿಗೆ ಬಂದವರು ಬಟ್ಟೆಯ ಮೇಲೆ ಕಣ್ಣು ಹಾಯಿಸಿ ಕೇಳಿದರು. "ಯಾರ ಮೀಸೆ ಬೋಳಿಸಿದೆಯಮ್ಮಾ?"

ಸಂಜೆ ಗಂಡ ಬಂದ. ಬೈಯಲಿಲ್ಲ, ಬೈದಿದ್ದರೆ ವಾಸಿ ಇತ್ತು. ಗೋಡೆಗೆ ಒರಗಿ ಕುಳಿತು ಬೋಳು ಹಿಡಿಯೊಂದನ್ನು ಬೆರಳುಗಳ ನಡುವೆ ತಿರುಗಿಸುತ್ತ ಹೇಳಿದ. "ಅದು ಕೊಳೆ ಅಲ್ಲ ಕಣೇ. ಸೀಮೆಎಣ್ಣೇಲಿ ಎಷ್ಟು ತೊಳೆದ್ರೂ ಬುಡದಲ್ಲಿ ಒಂಚೂರು ಬಣ್ಣ ಉಳಿಯುತ್ತೆ. ಗಾಳಿ ತಾಕಿದ್ರೆ ಅದು ಕಲ್ಲಾಗುತ್ತೆ. ಅದಕ್ಕೇ ಮೆಷಿನ್ ಎಣ್ಣೇಲಿ ಮಲಗಿಸಿಡೋದು. ಮಲಗಿಸಿದ್ರೆ ತುದಿ ಸೊಟ್ಟಗಾಗಲ್ಲ."

"ಬೇರೆ ತಂದ್ರಾಯ್ತಲ್ಲ ರೀ?"

"ಎಲ್ಲಿಂದ? ಇವನ್ನ ಕಟ್ಟಿದ ಮುದುಕಪ್ಪ ಸತ್ತು ಹನ್ನೆರಡು ವರ್ಷ ಆಯ್ತು. ಮೇಲಾಗಿ ಇವು ನನ್ನವಲ್ಲ."

ಬ್ರಷ್ಷುಗಳು ಮೇಸ್ತ್ರಿಯವರವು. ಊರಿನ ಬಣ್ಣದ ಕೆಲಸದವರಿಗೆಲ್ಲ ಅವರು ಗುರು. ಗೋಡೆಯ ಕೆಳಗಿನ ಬಣ್ಣ ಮುಗಿದು ಮೇಲಿನ ಬಣ್ಣ ಶುರುವಾಗುವ ಕಡೆ ಒಂದು ಕಪ್ಪು ಗೆರೆ ಎಳೆಯುತ್ತಾರಲ್ಲ, ಪಟ್ಟಿ ಹಿಡಿಯದೆ, ಹಗ್ಗ ಕಟ್ಟದೆ ಅದನ್ನು ಬರಿಗೈಯಲ್ಲಿ ಎಳೆಯುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಅಂಗಡಿಯ ಬ್ರಷ್ಷು ಒಂದು ಸಲ ಅದ್ದಿದರೆ ಒಂದೂವರೆ ಮೊಳ ಓಡಿ ಉಸಿರು ಬಿಡುತ್ತದೆ. ಈ ಏಳು ಬ್ರಷ್ಷುಗಳು ಒಂದು ಅದ್ದಿಗೆ ನಾಲ್ಕು ಮೊಳ ಓಡುತ್ತಿದ್ದವು. ಮೂವತ್ತು ವರ್ಷ ಅವನ್ನು ಅವರೇ ತೊಳೆದು, ಅವರೇ ಮಲಗಿಸಿಟ್ಟಿದ್ದರು. ಇನ್ನೊಬ್ಬರ ಕೈಗೆ ಕೊಟ್ಟದ್ದು ಅದೇ ಮೊದಲು, ಅದೂ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಹೋಗುವಾಗ, ಅತ್ಯಂತ ನಂಬಿಕೆಯ ಶಿಷ್ಯ ಎಂದು ಇವಳ ಗಂಡನ ಕೈಗೆ.

ಹೊಸ ಕಣ್ಣು ಬಂದ ಮೇಲೆ ಮೇಸ್ತ್ರಿ ಮೊದಲು ಚೆನ್ನಾಗಿ ಕಂಡದ್ದು ಏಳು ಬೋಳು ಕಡ್ಡಿಗಳನ್ನು. ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಕೊನೆಗೆ ಶಿಷ್ಯನಿಗೆ ಹೇಳಿದರು. "ಇವು ಮೊದಲಿನ ಹಾಗೆ ಗೆರೆ ಎಳೆಯೋವರೆಗೂ ನೀನು ಗೆರೆ ಕೆಲಸ ಮುಟ್ಟಬೇಡ. ಹಳೇ ಬಣ್ಣ ಕೆರೀತಿರು."

ಮೇಸ್ತ್ರಿಯ ಗುಂಪಿನಲ್ಲೇ ಒಳ್ಳೆಯ ಗೆರೆಯ ಕೈ ಅವಳ ಗಂಡನದು. ಅಂಥವನಿಗೆ ಕೆರೆಯುವ ಕೆಲಸ. ಅವಳು ಗಂಡನ ಹಿಂದೆ ನಿಂತಿದ್ದವಳು ಮುಂದೆ ಬಂದಳು. "ತಪ್ಪು ನಂದು ಯಜಮಾನ್ರೇ. ಕೂದಲೆಲ್ಲ ತೆಗೆದಿಟ್ಟಿದ್ದೀನಿ. ನಾನೇ ಕಟ್ಟಿಕೊಡ್ತೀನಿ."

ಗುಂಪಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಕಟ್ಟೋ ಕಸುಬು ನಿಮ್ಮದಲ್ಲ ಅಕ್ಕಾ, ಕುದಿಸೋದು" ಎಂದ ಒಬ್ಬ. ಅವತ್ತಿನಿಂದ ಅವಳು ಕುದಿಸಕ್ಕ. ತರಕಾರಿ ಅಂಗಡಿಯವನಿಗೂ ಅದೇ ಹೆಸರು ಗೊತ್ತಿತ್ತು. ಅವಳಿಗೆ ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ. ಆದರೆ ತನ್ನ ಹೆಸರಿಗಿಂತ ಹೆಚ್ಚಾಗಿ ಉರಿಸುತ್ತಿದ್ದದ್ದು ದಿನಾ ಸಂಜೆ ತಲೆಯ ತುಂಬ ಸುಣ್ಣದ ಪುಡಿ ಹೊತ್ತು ಬರುವ ಗಂಡನ ಮುಖ.

ಶುರುವಾಯಿತು ತಪಸ್ಸು. ಗಂಡನ ಬೇರೊಂದು ಹಳೆಯ ಬ್ರಷ್ಷನ್ನು ಬಿಚ್ಚಿ ನೋಡಿದಳು. ಪ್ರತಿ ಕೂದಲಿಗೂ ಒಂದು ಬುಡ, ಒಂದು ತುದಿ. ತುದಿಗಳೆಲ್ಲ ಒಂದೇ ಕಡೆ ಇರಬೇಕು. ಕತ್ತರಿ ತಾಕಿಸಿದರೆ ಮುಗಿಯಿತು, ತುದಿ ಹೋದ ಕೂದಲು ಗೆರೆ ಎಳೆಯುವುದಿಲ್ಲ, ಗೀಚುತ್ತದೆ. ಹಂಡೆಯ ಸಂಸ್ಕಾರದಲ್ಲಿ ಇವಳ ಕೂದಲೆಲ್ಲ ತಲೆಕೆಳಗಾಗಿ ಕಲೆತುಹೋಗಿತ್ತು. ಒಂದೊಂದನ್ನೇ ಎತ್ತಿ ಎರಡು ಬೆರಳ ನಡುವೆ ಎಳೆಯಬೇಕು. ಬುಡದಿಂದ ತುದಿಗೆ ಎಳೆದರೆ ನುಣುಪು, ತುದಿಯಿಂದ ಬುಡಕ್ಕೆ ಎಳೆದರೆ ತರಿತರಿ. ಕಿಟಕಿಯ ಕೆಳಗೆ ಬಿಳಿ ತಟ್ಟೆ ಇಟ್ಟುಕೊಂಡು ಮನೆಗೆಲಸ ಮುಗಿದ ಮೇಲೆ ದಿನಾ ಮಧ್ಯಾಹ್ನ ಕುಳಿತಳು. ಫ್ಯಾನು ಹಾಕುವಂತಿಲ್ಲ, ಸೀನುವಂತಿಲ್ಲ.

ಎರಡು ವಾರ ನೋಡಿ ನೋಡಿ ಅತ್ತೆಗೆ ತಡೆಯಲಾಗಲಿಲ್ಲ. "ಸರಿ ಆಚೆ" ಎಂದು ಪಕ್ಕದಲ್ಲಿ ಕುಳಿತರು. ಅವರ ಕಣ್ಣು ಅಷ್ಟಕ್ಕಷ್ಟೆ, ಆದರೆ ನಲವತ್ತು ವರ್ಷ ಕಾಳು ಆರಿಸಿದ ಬೆರಳು. ಕಣ್ಣು ಮುಚ್ಚಿಕೊಂಡೇ ಸೊಸೆಯ ಎರಡರಷ್ಟು ಆರಿಸುತ್ತಿದ್ದರು. ನಡುನಡುವೆ, "ನನ್ನ ಮಗನಿಗೆ ಇಂಥ ಹೆಂಡ್ತಿ ಹುಡುಕಿದ್ದು ನಾನೇ, ಯಾರಿಗೆ ಹೇಳ್ಲಿ" ಎನ್ನುತ್ತಿದ್ದರು. ಮೊದಮೊದಲು ಅದು ಕೊಂಕು, ಆಮೇಲಾಮೇಲೆ ಅಭಿಮಾನ.

ಆರಿಸಿದ ಕೂದಲನ್ನು ಪೆನ್ನಿನ ಕ್ಯಾಪಿನೊಳಗೆ ತುದಿ ಕೆಳಗೆ ಮಾಡಿ ಹಾಕಿ ಮೆಲ್ಲಗೆ ತಟ್ಟಿದರೆ ತುದಿಗಳು ತಾವಾಗಿಯೇ ಒಂದು ಮಟ್ಟಕ್ಕೆ ಬರುತ್ತವೆ ಎಂದು ಅವಳೇ ಕಂಡುಕೊಂಡಳು. ಬುಡಕ್ಕೆ ದಾರ ಬಿಗಿದು, ಅಂಟಿನಲ್ಲಿ ಅದ್ದಿ, ಹಿಡಿಯ ತುದಿಯಲ್ಲಿದ್ದ ತಗಡಿನ ಕೊಳವೆಯೊಳಗೆ ತಳ್ಳಿದಳು. ಮೊದಲ ಬ್ರಷ್ಷು ಸಿದ್ಧವಾದಾಗ ಅವಳು ಹಿಗ್ಗಿದ್ದೇ ಹಿಗ್ಗಿದ್ದು. ಗಂಡ ಅದನ್ನು ಯಾರದೋ ಮನೆಯ ಹಸಿರು ಬಾಗಿಲಿನ ಮೇಲೆ ಪರೀಕ್ಷಿಸಿದ. ಬಾಗಿಲಿಗೆ ಗಡ್ಡ ಬಂತು. ಆ ಮನೆಯಾಕೆ ನೋಡುತ್ತ ನಿಂತಿರುವಾಗಲೇ ಅವನು ಸೂಜಿಯಿಂದ ಒಂದೊಂದೇ ಕೂದಲು ಕೀಳಬೇಕಾಯಿತು.

ಎರಡನೆಯದೂ ಉದುರಿತು. ಮೂರನೆಯದು ಉದುರಲಿಲ್ಲ, ಆದರೆ ಪೊರಕೆಯ ಹಾಗೆ ಬಿಚ್ಚಿಕೊಂಡಿತು. ದಾರ ಬಿಗಿಯುವಾಗ ಕೂದಲು ಒದ್ದೆಯಾಗಿರಬೇಕು, ಅಂಟು ಹಾಕುವಾಗ ಬುಡ ಪೂರ್ತಿ ಒಣಗಿರಬೇಕು ಎಂದು ತಿಳಿಯುವಷ್ಟರಲ್ಲಿ ವರ್ಷ ಕಳೆದಿತ್ತು. ಪ್ರತಿ ಸಲವೂ ಬಿಚ್ಚು, ತೊಳೆ, ಮತ್ತೆ ಆರಿಸು.

ಈ ಒದ್ದಾಟದಲ್ಲಿ ಅವಳಿಗೆ ಬೇರೊಂದು ವಿದ್ಯೆ ಕೈಗೆ ಹತ್ತಿತು. ಅಂಟಿನ ಪ್ರಯೋಗಕ್ಕೆಂದು ಬೇರೆಯವರು ಬಿಸಾಡಿದ ಬ್ರಷ್ಷುಗಳನ್ನು ತರುತ್ತಿದ್ದಳು, ಒಣಗಿ ಕಟ್ಟಿಗೆಯಾದವನ್ನು. ಹಿಡಿಯ ತೂತಿಗೆ ತಂತಿ ಪೋಣಿಸಿ ಬಣ್ಣ ಕರಗಿಸುವ ಥಿನ್ನರಿನಲ್ಲಿ ತಳ ತಾಕದಂತೆ ತೂಗುಬಿಟ್ಟು, ಎರಡು ದಿನ ಬಿಟ್ಟು, ಹಳೆಯ ಬಾಚಣಿಗೆಯಿಂದ ಬಾಚಿ, ಅಂಗೈ ಮೇಲೆ ಸೋಪು ಹಚ್ಚಿ ತಿಕ್ಕಿ, ಕಾಗದ ಸುತ್ತಿ ಒಣಗಿಸಿದರೆ ಹತ್ತರಲ್ಲಿ ಎಂಟು ಎದ್ದು ಕೂರುತ್ತಿದ್ದವು. ಸುದ್ದಿ ಹರಡಿತು. ನಗುತ್ತಿದ್ದವರೇ ಒಬ್ಬೊಬ್ಬರಾಗಿ ಕಾಗದದಲ್ಲಿ ಸುತ್ತಿಕೊಂಡು ಬಂದರು. ಬಣ್ಣದ ಅಂಗಡಿಯವನು ತನ್ನ ಪಕ್ಕದ ಕಿರಿದಾದ ಕೋಣೆಯನ್ನು ಬಿಟ್ಟುಕೊಟ್ಟ. ಅವಳು ಕೆಲಸದ ಜೊತೆ ಬೈಗುಳವನ್ನೂ ಉಚಿತವಾಗಿ ಕೊಡುತ್ತಿದ್ದಳು.

"ಡಬ್ಬದಲ್ಲಿ ತಲೆ ಕೆಳಗೆ ಮಾಡಿ ನಿಲ್ಲಿಸಿದ್ದಾ? ನಿನ್ನನ್ನ ರಾತ್ರಿಯೆಲ್ಲ ಹಾಗೆ ನಿಲ್ಲಿಸ್ಲಾ, ಬೆಳಿಗ್ಗೆ ಕತ್ತು ಹೇಗಿರುತ್ತೆ ನೋಡು."

"ಮರೆತೆ ಅಕ್ಕಾ."

"ಊಟ ಮಾಡೋದು ಮರೀತೀಯಾ?"

ಇಷ್ಟಾದರೂ ಗಂಡ ಮಾತ್ರ ಗೋಡೆ ಕೆರೆಯುತ್ತಲೇ ಇದ್ದ. ಅವಳ ಪಾಲಿಗೆ ಉಳಿದದ್ದೆಲ್ಲ ಲೆಕ್ಕಕ್ಕಿಲ್ಲ, ಆ ಏಳು ಬ್ರಷ್ಷು ಒಂದೇ ಲೆಕ್ಕ. ಎರಡು ವರ್ಷ ತುಂಬುವ ಹೊತ್ತಿಗೆ ಆರು ಬ್ರಷ್ಷು ಎದ್ದು ನಿಂತವು. ಏಳನೆಯದಕ್ಕೆ ಕೂದಲು ಸಾಲಲಿಲ್ಲ. ಅದು ಆವತ್ತು ಚೆಲ್ಲಿದ ತಂಬಿಗೆ ನೊರೆಯ ಜೊತೆ ಮೋರಿಗೆ ಹೋಗಿತ್ತು. ಬೇರೆ ಕೂದಲು ಸೇರಿಸಿ ಕಟ್ಟಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದ ಗಂಡ. ಅವಳು ಒಪ್ಪಲಿಲ್ಲ.

ಆಗ ಮೇಸ್ತ್ರಿಯ ಗುಂಪು ಒಂದು ದೊಡ್ಡ ಶಾಲೆಗೆ ಬಣ್ಣ ಹೊಡೆಯುತ್ತಿತ್ತು. ಉದ್ದನೆಯ ವರಾಂಡ, ಗೋಡೆಗೆ ಕೆಳಗೆ ಕಂದು, ಮೇಲೆ ಕೆನೆಬಣ್ಣ, ನಡುವೆ ಕಪ್ಪು ಗೆರೆ. ಅಂಗಡಿಯ ಬ್ರಷ್ಷಿನಲ್ಲಿ ಎಳೆದ ಗೆರೆಯನ್ನು ಮುಖ್ಯೋಪಾಧ್ಯಾಯಿನಿ ಕನ್ನಡಕ ಏರಿಸಿ ನೋಡಿ, "ಇದು ಗೆರೆಯಾ, ಇರುವೆ ಸಾಲಾ?" ಎಂದು ಕೇಳಿದ್ದರು. ಮೇಸ್ತ್ರಿ ಅವಮಾನ ನುಂಗಿಕೊಂಡು ಅದನ್ನು ಅಳಿಸುತ್ತಿದ್ದಾಗ ಕುದಿಸಕ್ಕ ತಗಡಿನ ಪೆಟ್ಟಿಗೆ ಹಿಡಿದು ಬಂದಳು. ಕೆಲಸ ನಿಂತಿತು. ಗಂಡ ಏಣಿಯ ಮೇಲೆ, ಕೆರೆಯುವ ತಗಡು ಕೈಯಲ್ಲಿ ಹಿಡಿದಂತೆಯೇ ನಿಂತ.

ಮೇಸ್ತ್ರಿ ಎಣ್ಣೆಯಲ್ಲಿ ಮಲಗಿದ್ದ ಒಂದು ಬ್ರಷ್ಷು ಎತ್ತಿಕೊಂಡರು. ಉಗುರಿನ ಮೇಲೆ ತುದಿ ಬಾಗಿಸಿದರು, ಬಿಟ್ಟೊಡನೆ ಅದು ನೆಟ್ಟಗಾಯಿತು. ಕೂದಲನ್ನು ಹಿಡಿದು ಜಗ್ಗಿದರು. ಇನ್ನೊಮ್ಮೆ ಜಗ್ಗಿದರು. ಒಂದೂ ಬರಲಿಲ್ಲ. ಎಣ್ಣೆ ಒರೆಸಿ, ಬಿಳಿ ಬಟ್ಟಲಿನ ಸೀಮೆಎಣ್ಣೆಯಲ್ಲಿ ಅಲ್ಲಾಡಿಸಿ ಬಟ್ಟಲಿನೊಳಗೆ ಇಣುಕಿದರು. ಹಳೆಯ ಬಣ್ಣ ಬಿಟ್ಟಿರಲಿಲ್ಲ, ಸೀಮೆಎಣ್ಣೆ ಸ್ವಚ್ಛವಾಗಿತ್ತು. ಆಮೇಲೆ ಕಪ್ಪು ಬಣ್ಣದಲ್ಲಿ ಅದ್ದಿ, ಡಬ್ಬದ ಅಂಚಿಗೆ ಎರಡು ಸಲ ಸವರಿ, ಗೋಡೆಗೆ ತಾಗಿಸಿದರು.

ಗೆರೆ ಹೊರಟಿತು. ಒಂದು ಮೊಳ. ಎರಡು. ಮೂರು ಮೊಳ ದಾಟಿತು, ಎಲ್ಲೂ ದಪ್ಪವಾಗಲಿಲ್ಲ, ಸಣ್ಣಗಾಗಲಿಲ್ಲ. ನಾಲ್ಕನೆಯ ಮೊಳ ಮುಗಿದು ಇನ್ನೊಂದು ಗೇಣು ಮುಂದೆ ಹೋಗಿ ಮೇಸ್ತ್ರಿ ಕೈ ಎತ್ತಿದರು. ತಿರುಗಿ ಏಣಿಯ ಕಡೆ ನೋಡಿದರು. "ಇಳಿಯೋ ಕೆಳಗೆ. ಉಳಿದದ್ದು ಯಾರು, ನಿಮ್ಮಪ್ಪ ಎಳೀತಾನಾ?"

ಗಂಡ ಇಳಿದು ಬಂದು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಬ್ರಷ್ಷು ಹಿಡಿದ. ಎರಡು ವರ್ಷ ಕೆರೆದ ಕೈ ಎಲ್ಲಿ ನಡುಗುತ್ತದೋ ಎಂದು ಅವಳಿಗೆ ಭಯ. ನಡುಗಲಿಲ್ಲ. ಬಣ್ಣದ ಡಬ್ಬ ಹಿಡಿದು ಅವಳು ಪಕ್ಕದಲ್ಲಿ ಹಿಮ್ಮುಖವಾಗಿ ನಡೆದಳು, ಅವನು ಎಳೆಯುತ್ತ ಬಂದ. ವರಾಂಡದ ಕೊನೆಯ ಬಾಗಿಲು ಮುಟ್ಟುವಾಗ ಇಬ್ಬರ ಕಣ್ಣಿನಲ್ಲೂ ನೀರು. ಥಿನ್ನರಿನ ಘಾಟು ಎಂದು ಇಬ್ಬರೂ ಸುಳ್ಳು ಹೇಳಿದರು.

ಮೇಸ್ತ್ರಿ ಪೆಟ್ಟಿಗೆಯಲ್ಲಿ ಎಣಿಸುತ್ತಿದ್ದರು. "ಏಳನೆಯದು?"

ಅವಳು ಬೋಳು ಹಿಡಿಯನ್ನು ಮುಂದೆ ಚಾಚಿದಳು. "ಅದರ ಕೂದಲು ಮೋರಿಗೆ ಹೋಯ್ತು ಯಜಮಾನ್ರೇ. ಬೇರೆ ಕೂದಲು ಹಾಕಿ ನಿಮಗೆ ಮೋಸ ಮಾಡೋಕೆ ಮನಸ್ಸು ಬರಲಿಲ್ಲ."

ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ ಅವಳಿಗೇ ವಾಪಸು ಕೊಟ್ಟರು. "ನಿನ್ನ ಹತ್ರಾನೇ ಇರ್ಲಿ. ನಿನ್ನ ಅಂಗಡಿಗೆ ಬೋರ್ಡ್ ಇಲ್ಲ ಅಲ್ವಾ? ಭಾನುವಾರ ಬರ್ತೀನಿ."

ಭಾನುವಾರ ಬಂದರು. ಹಿಂದೆ ಇಡೀ ಗುಂಪು. ಏನು ಬರೆಯುತ್ತೀರಿ ಎಂದು ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಅವಳು ಕಟ್ಟಿದ ಬ್ರಷ್ಷಿನಲ್ಲೇ, ಹಳದಿ ಹಲಗೆಯ ಮೇಲೆ, ಒಂದೊಂದೇ ಕಪ್ಪು ಅಕ್ಷರ ಮೂಡಿಸಿದರು. ಅತ್ತೆ ಕುರ್ಚಿಯ ಮೇಲೆ ಕುಳಿತು ಜೋರಾಗಿ ಓದಿಸಿಕೊಂಡರು. ಮೇಲೆ ದಪ್ಪಕ್ಷರದಲ್ಲಿ "ಕುದಿಸಕ್ಕನ ಬ್ರಷ್ಷಿನ ಅಂಗಡಿ" ಎಂದಿತ್ತು. ಕೆಳಗೆ ಸಣ್ಣಕ್ಷರದಲ್ಲಿ, "ಇಲ್ಲಿ ಬ್ರಷ್ಷು ಕುದಿಸಲಾಗುವುದಿಲ್ಲ."

ಗುಂಪು ಗೊಳ್ಳೆಂದು ನಕ್ಕಿತು. ಎಲ್ಲರಿಗಿಂತ ಜೋರಾಗಿ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ನಕ್ಕವಳು ಅವಳೇ. ಎರಡು ವರ್ಷ ಚುಚ್ಚಿದ ಹೆಸರು ಅವತ್ತು ಅವಳ ಅಂಗಡಿಯ ಹೆಸರಾಯಿತು.

ನಗು ಇಳಿದ ಮೇಲೆ ಮೇಸ್ತ್ರಿ ಸೀಮೆಎಣ್ಣೆಯ ಬಟ್ಟಲಿಗಾಗಿ ಅಭ್ಯಾಸಬಲದಿಂದ ಕೈ ಚಾಚಿದರು. ಮೂವತ್ತು ವರ್ಷ ಕೆಲಸ ಮುಗಿದೊಡನೆ ತಾವೇ ತೊಳೆದ ಬ್ರಷ್ಷು. ಚಾಚಿದ ಕೈ ಅರ್ಧಕ್ಕೆ ನಿಂತಿತು. ಕಪ್ಪು ಬಣ್ಣ ಇನ್ನೂ ಹಸಿಯಾಗಿದ್ದ ಬ್ರಷ್ಷನ್ನು ಅವರು ಅವಳ ಕೈಗೆ ಕೊಟ್ಟರು.

"ತೊಳೆದಿಡಮ್ಮ" ಎಂದರು.