ಹಂಚಿನ ಕೆಳಗಿನ ತಂಪು

ಸೌಮ್ಯಳನ್ನು ಯಾವ ಕಾಲೇಜಿನವರು ಮಾತಿಗೆ ಕರೆದರೂ ಕೊನೆಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. “ಮೇಡಂ, ನೀವು ಫೀಲ್ಡಿಗೆ ಹೋದಾಗ ಮನೇಲಿ ಅಡುಗೆ ಯಾರು ಮಾಡ್ತಾರೆ?” ರಾಮನಗರದ ಒಂದು ಕಾಲೇಜಿನಲ್ಲಿ ಇದನ್ನು ಕೇಳಿದ್ದು ವಿದ್ಯಾರ್ಥಿನಿಯಲ್ಲ, ಭೌತಶಾಸ್ತ್ರದ ಮೇಷ್ಟ್ರು.

“ಹಸಿವಾದವರು ಮಾಡ್ಕೋತಾರೆ ಸರ್” ಎಂದಳು ಸೌಮ್ಯ. ಹುಡುಗಿಯರು ನಕ್ಕರು.

ಅದು ಪೂರ್ತಿ ನಿಜವೇನಲ್ಲ. ಫೀಲ್ಡಿಗೆ ಹೊರಡುವ ಹಿಂದಿನ ಸಂಜೆ ಅವಳು ದೋಸೆಹಿಟ್ಟು ರುಬ್ಬಿಡುತ್ತಾಳೆ, ಚಟ್ನಿಪುಡಿ ಡಬ್ಬಿ ತುಂಬಿಸುತ್ತಾಳೆ. ಹೈಸ್ಕೂಲು ಮೇಷ್ಟ್ರಾದ ಗಂಡ ಅನಂತರಾಜು ಬೆಳಿಗ್ಗೆ ದೋಸೆ ಹುಯ್ದುಕೊಳ್ಳುತ್ತಾನೆ. ಹೆಂಡತಿ ಊರಲ್ಲಿ ಇಲ್ಲದಾಗ ತಾನೇ ಅಡುಗೆ ಮಾಡಿಕೊಳ್ಳುತ್ತೇನೆ ಎಂದು ಸ್ಟಾಫ್‌ರೂಮಿನಲ್ಲಿ ಹೇಳುತ್ತಾನೆ. ಹಿಟ್ಟು ಎಲ್ಲಿಂದ ಬಂತು ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಸೌಮ್ಯ ವಾತಾವರಣ ವಿಜ್ಞಾನಿ. ಕಬ್ಬಾಳಿನ ಹತ್ತಿರದ ಊರಿನಲ್ಲಿ ಹುಟ್ಟಿ, ಸಾತನೂರಿನಲ್ಲಿ ಹೈಸ್ಕೂಲು, ಕನಕಪುರದಲ್ಲಿ ಪಿಯುಸಿ ಓದಿ, ಆಮೇಲೆ ಬೆಂಗಳೂರು ಸೇರಿದವಳು. ಪಿಎಚ್‌ಡಿಗೆ ಮುಂಗಾರಿನ ಮೋಡಗಳ ಮೇಲೆ ಕೆಲಸ ಮಾಡಿದಳು. ನಂತರ ಅವಳ ಆಸಕ್ತಿ ಮೋಡದಿಂದ ಇಳಿದು ಮನೆಯ ಮಾಡಿನ ಕೆಳಗೆ ಬಂತು. ಬೇಸಿಗೆಯ ಬಿಸಿ ಸಣ್ಣ ಮನೆಗಳ ಒಳಗೆ ಹೇಗೆ ಇಳಿಯುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ಈಗಿನ ಸಂಶೋಧನೆ. “ಇವಳ ಆಕಾಶ ತೊಲೆಗೆ ಮುಗಿಯುತ್ತೆ” ಎಂದು ಜೊತೆಯವರು ರೇಗಿಸುತ್ತಾರೆ. ರಾಮನಗರದಿಂದ ದಿನವೂ ರೈಲು ಹಿಡಿದು ಬೆಂಗಳೂರಿನ ಸಂಸ್ಥೆಗೆ ಹೋಗಿ ಬರುತ್ತಾಳೆ. ಅಲ್ಲಿ ಅವಳದು ಗುತ್ತಿಗೆಯ ಹುದ್ದೆ.

ಬಿಸಿಯನ್ನು ಅಳೆಯಲು ಅವಳು ರೇಷ್ಮೆಹುಳು ಸಾಕುವ ಮನೆಗಳನ್ನು ಆರಿಸಿಕೊಂಡಳು. ಸೆಕೆ ಮಿತಿ ಮೀರಿದರೆ ಮನುಷ್ಯರು ಗೊಣಗಿಕೊಂಡು ಬದುಕಿರುತ್ತಾರೆ, ಹುಳು ಸೊಪ್ಪು ತಿನ್ನುವುದನ್ನು ನಿಲ್ಲಿಸಿ ಸಾಯುತ್ತದೆ. ಕಬ್ಬಾಳಿನ ಸುತ್ತಲಿನ ಕೆಲವು ಹಂಚಿನ ಮನೆಗಳಲ್ಲಿ, ಹೊಲಗಳಲ್ಲಿ ಕಟ್ಟಿದ ಕೆಲವು ಶೀಟಿನ ಷೆಡ್‌ಗಳಲ್ಲಿ ಉಷ್ಣಾಂಶ, ತೇವಾಂಶ ದಾಖಲಿಸುವ ಬೆಂಕಿಪೊಟ್ಟಣದ ಗಾತ್ರದ ಸೆನ್ಸರುಗಳನ್ನು ತೂಗುಹಾಕಿದಳು. ಆ ಹಂಚಿನ ಮನೆಗಳಲ್ಲಿ ಒಂದು ಅವಳ ತವರುಮನೆ. ಎರಡು ಬೇಸಿಗೆಗಳ ಲೆಕ್ಕ ಬಂದಾಗ ಫಲಿತಾಂಶ ಎದ್ದು ಕಾಣುತ್ತಿತ್ತು. ನಡುಮಧ್ಯಾಹ್ನ ಹಂಚಿನ ಮನೆ ಶೀಟಿನ ಷೆಡ್ಡಿಗಿಂತ ಸುಮಾರು ನಾಲ್ಕು ಡಿಗ್ರಿ ತಂಪು. ಹುಳುವಿನ ಮಟ್ಟಿಗೆ ಅದು ಬೆಳೆ ಉಳಿಯುವ, ಹೋಗುವ ವ್ಯತ್ಯಾಸ.

ಪ್ರಬಂಧ ಒಂದು ವಿಜ್ಞಾನ ಪತ್ರಿಕೆಗೆ ಹೋಯಿತು. ಬೆಳೆಗಾರರಿಗೆ ಸಲಹೆ ಕೊಡುವ ಒಂದು ಸಂಘ, ಹೊಸ ಹುಳದ ಮನೆಗಳಿಗೆ ಹಂಚನ್ನೇ ಹೊದಿಸಿ ಎಂದು ಕರಪತ್ರ ತರಲು ಮುಂದಾಯಿತು. ಅದೇ ಹೊತ್ತಿಗೆ ಸಂಸ್ಥೆಯಲ್ಲಿ ಒಂದು ಕಾಯಂ ಹುದ್ದೆ ಖಾಲಿಯಾಗಿ ಸಂದರ್ಶನಕ್ಕೆ ಕರೆ ಬಂತು. ವಯಸ್ಸಿನ ಮಿತಿಯಂತೆ ಅವಳಿಗೆ ಇದು ಕೊನೆಯ ಅವಕಾಶ. ಸಂದರ್ಶನದಲ್ಲಿ ಅವಳು ಮಾತಾಡಬೇಕಾಗಿದ್ದುದು ಈ ಹಂಚಿನ ಫಲಿತಾಂಶದ ಮೇಲೆಯೇ.

ಮಾತಿನ ಜೊತೆ ತೋರಿಸಲು ಒಂದು ಒಳ್ಳೆಯ ಫೋಟೋ ಬೇಕಿತ್ತು. ಅದಕ್ಕಾಗಿ ಏಪ್ರಿಲ್‌ನ ಒಂದು ಭಾನುವಾರ ತವರಿಗೆ ಹೋದಳು.

ಹುಳುಗಳು ಪೊರೆ ಬಿಡುವ ನಾಲ್ಕನೇ ಜ್ವರದಿಂದ ಎದ್ದು ರಾಕ್ಷಸರಂತೆ ತಿನ್ನುವ ಹಂತದಲ್ಲಿದ್ದವು. ಮನೆಯ ಮುಕ್ಕಾಲು ಭಾಗ ಹುಳುವಿನ ತಟ್ಟೆಗಳೇ. ಸೊಪ್ಪು ತಿನ್ನುವ ಸದ್ದು ಬಾಗಿಲಿನವರೆಗೂ ಕೇಳುತ್ತಿತ್ತು. ತಮ್ಮ ನಾಗರಾಜುವಿನ ಹೆಂಡತಿ ಶ್ವೇತ ಒಲೆಯ ಮೇಲೆ ಮುದ್ದೆಗೆ ಎಸರಿಟ್ಟು, ಹುಳುವಿಗೆ ಸೊಪ್ಪು ಹಾಕಿ ಮುಗಿಸಿ, ಮತ್ತೆ ಒಲೆಯ ಕಡೆ ಹೊರಟಿದ್ದಳು. ಸೌಮ್ಯ ಹೊರಗೆ ನಿಂತು ಮೊಬೈಲಿನಲ್ಲಿ ಮನೆಯನ್ನು ನೋಡಿದಳು. ಹಂಚು ಚೆನ್ನಾಗಿ ಕಾಣುತ್ತಿತ್ತು. ಕಿಟಕಿಗಳಿಗೆ ಇಳಿಬಿಟ್ಟ ಗೋಣಿತಾಟುಗಳು ಮಾತ್ರ ಒದ್ದೆಯಾಗಿ, ಕಪ್ಪಾಗಿ, ಗೋಡೆಯನ್ನೆಲ್ಲ ಕೊಳಕು ಮಾಡಿದ್ದವು.

“ಶ್ವೇತ, ಆ ಗೋಣಿತಾಟ ಒಸಿ ತೆಗಿಯಮ್ಮ. ಫೋಟೋ ಚೆಂದಾಗಿ ಬರಾಕಿಲ್ಲ.”

“ಈಗ ತೆಗಿಯಾಕಾಯ್ತದಾ ಅತ್ತಿಗೆ? ಈ ಬಿಸಿಲಲ್ಲಿ ತೆಗುದ್ರೆ ಹುಳ ಸೊಪ್ಪು ಮುಟ್ಟಾಕಿಲ್ಲ. ಸಂಜೆ ಬನ್ನಿ, ತೆಗ್ದು ಮನೆಗೆ ಪೌಡ್ರೂ ಹಚ್ಚಿ ನಿಲ್ಲಿಸ್ತೀನಿ.”

“ಹಂಚಿನ ಮನೆ ಅಲ್ವಾ, ಒಂದು ಗಳಿಗೆಗೆ ಏನಾಯ್ತದೆ?”

“ಹಂಚು ಯಾವತ್ತು ಬಕೀಟು ಎತ್ತಿತ್ತು ಅತ್ತಿಗೆ?” ಎಂದು ಶ್ವೇತ ತೊಟ್ಟಿಯಿಂದ ನೀರು ಮೊಗೆದು ತಂದು ಒಂದೊಂದೇ ತಾಟಿನ ಮೇಲೆ ಎರಚಿದಳು. ಉಳಿದ ನೀರನ್ನು ನೆಲಕ್ಕೆ ಚೆಲ್ಲಿ ಒಲೆಯ ಮುಂದೆ ಹೋದಳು. ಎಸರು ಕುದಿಯುತ್ತಿತ್ತು.

ಸೌಮ್ಯ ಮೊಬೈಲು ಕೆಳಗಿಳಿಸಿದಳು. ತಾಟುಗಳನ್ನು ಅವಳು ಹುಟ್ಟಿದಾಗಿನಿಂದ ನೋಡಿದ್ದಳು. ಶಾಲೆಯಿಂದ ಬಂದ ಮೇಲೆ ತಾನೇ ನೀರು ಎರಚಿದ್ದಳು. ಹಂಚಿನ ಮನೆಗಳೆಲ್ಲ ಹೆಂಗಸರು ಅಡುಗೆ ಮಾಡಿಕೊಂಡು ಒಳಗೇ ಇರುವ ವಾಸದ ಮನೆಗಳು. ಶೀಟಿನ ಷೆಡ್‌ಗಳು ದೂರದ ಹೊಲದಲ್ಲಿವೆ. ಸೊಪ್ಪು ಹಾಕುವ ಹೊತ್ತಿಗೆ ಹೋಗುತ್ತಾರೆ, ಬಾಗಿಲು ಹಾಕಿಕೊಂಡು ಬರುತ್ತಾರೆ. ನಡುವೆ ಅಲ್ಲಿ ನೀರು ಹಾಕುವವರಿಲ್ಲ. ತಾನು ಹೋಲಿಸಿದ್ದು ಹಂಚನ್ನೂ ಶೀಟನ್ನೂ ಎಂದು ಎರಡು ವರ್ಷ ಅಂದುಕೊಂಡಿದ್ದಳು.

ಜಗಲಿಯಲ್ಲಿ ಸೊಪ್ಪಿನ ಕಂತೆ ಬಿಚ್ಚುತ್ತಿದ್ದ ಅಪ್ಪ ಚೆಲುವಯ್ಯನನ್ನು ಕೇಳಿದಳು. “ಮನೆ ತಂಪು ಮಾಡಾಕೆ ಏನಾರ ಮಾಡ್ತೀರಾ ಅಂತ ನಾನು ಮೊದ್ಲೇ ಕೇಳಿದ್ನಲ್ಲಪ್ಪ? ಏನೂ ಇಲ್ಲ ಅಂದ್ರಿ.”

“ಫ್ಯಾನು ಕೇಳ್ದೆ, ಕೂಲರು ಕೇಳ್ದೆ. ಇಲ್ಲ ಅಂದೆ. ಹೆಂಗುಸ್ರು ನೀರು ಹಾಕೋದು, ಕಸ ಗುಡ್ಸೋದು, ಎಲ್ಲಾನೂವೆ ಹೇಳ್ಕಂಡು ಕೂರ್ಬೇಕಿತ್ತಾ?”

“ನನ್ನ ಕೇಳಿದ್ರೆ ನಾನೂ ಇಲ್ಲ ಅಂತಿದ್ದೆ ಬುಡು” ಎಂದಳು ಅವ್ವ ಶಿವಲಿಂಗಮ್ಮ. “ಅದೂ ಒಂದು ಕೆಲ್ಸ ಅಂತ ಯಾರು ಅಂದ್ಕಂಡಿದ್ರು.”

ಊಟ ಮುಗಿಸಿ ಸೌಮ್ಯ ಲ್ಯಾಪ್‌ಟಾಪು ತೆರೆದಳು. ಹಿಂದಿನ ಬೇಸಿಗೆಯಲ್ಲಿ ಈ ಮನೆ ಕೆಲವು ದಿನ ಷೆಡ್ಡಿನ ಹಾಗೇ ಕಾದಿತ್ತು. ಸೆನ್ಸರು ಕೆಟ್ಟಿದೆ ಎಂದು ಆ ದಿನಗಳನ್ನು ಅವಳು ಕೈಬಿಟ್ಟಿದ್ದಳು. ಈಗ ವಿಚಾರಿಸಿದರೆ, ಆಗ ಶ್ವೇತ ತಂಗಿಯ ಬಾಣಂತನಕ್ಕೆಂದು ಮಾಗಡಿಗೆ ಹೋಗಿದ್ದಳು, ತಾಟು ನೆನೆಸುವವರಿರಲಿಲ್ಲ. ಬೆಳೆ ಮುಗಿದು ಮನೆ ಖಾಲಿ ಇರುವ ದಿನಗಳನ್ನೂ, ಹುಳು ಇಲ್ಲದಾಗ ಯಾಕೆ ಬೇಕು ಎಂದು ಬಿಟ್ಟಿದ್ದಳು. ಅವನ್ನೆಲ್ಲ ಮತ್ತೆ ಸೇರಿಸಿ, ಹಂಚಿನ ಮನೆಗಳನ್ನು ಒಂದೊಂದಾಗಿ ನೋಡಿದಳು. ಯಾರೂ ತಾಟು ನೆನೆಸದ ದಿನ ಹಂಚಿನಿಂದ ಸಿಗುತ್ತಿದ್ದ ತಂಪು ಒಂದು ಡಿಗ್ರಿಯಷ್ಟೇ. ತೇವಾಂಶವೂ ಇಳಿದಿತ್ತು. ಆ ತೇವ ಹಿಪ್ಪುನೇರಳೆ ಸೊಪ್ಪಿನಿಂದ ಬಂದದ್ದು ಎಂದು ಪ್ರಬಂಧದಲ್ಲಿ ಬರೆದಿದ್ದಳು.

ಸಂಜೆ ನಾಗರಾಜು ಬಂದ. ಅಕ್ಕನನ್ನು ಕರೆದುಕೊಂಡು ಹೋಗಿ ಹಿತ್ತಿಲಲ್ಲಿ ಪೇರಿಸಿದ್ದ ಹಳೇ ಹಂಚುಗಳನ್ನು ತೋರಿಸಿದ.

“ಮಾಗಡೀಲಿ ಒಂದು ಮನೆ ಕೆಡವ್ತಿದ್ರು, ತಂದ್ಬುಟ್ಟೆ. ಹೊಲದಲ್ಲಿ ಹಂಚಿಂದೇ ಕಟ್ಬುಡ್ತೀನಿ ಕಣಕ್ಕ. ನಿನ್ನ ಮಾತು ಕೇಳಿ ಸುತ್ತ ಹಳ್ಳಿಯವ್ರೆಲ್ಲ ಹಂಚು ಹುಡುಕ್ತಾವ್ರೆ.”

“ಅಲ್ಲಿ ಸೆಕೆ ಆದ್ರೆ?”

“ಹಂಚಿದ್ರೆ ಯಾಕಾಯ್ತದೆ? ಆದ್ರೆ ಇವ್ಳು ಹೋಗಿ ನೋಡ್ಕತಾಳೆ.”

ಶ್ವೇತ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. “ಮುದ್ದೆ ತೊಳಸ್ತಾ ಹೊಲಕ್ಕೂ ನೀರು ಎರಚೋಕೆ ನನ್ನ ಕೈ ಅಷ್ಟುದ್ದ ಇಲ್ಲ” ಎಂದು ಒಳಗೆ ಹೋದಳು.

ಬಸ್ಸಿನಲ್ಲಿ ರಾಮನಗರಕ್ಕೆ ಮರಳಿದ ಸೌಮ್ಯ ಮನೆಗೆ ಹೋಗದೆ ಕೆಹಕಶಾನ್ ಮೇಡಂ ಮನೆಗೆ ಹೋದಳು. ಕೆಹಕಶಾನ್ ನಿವೃತ್ತ ವಿಜ್ಞಾನಿ. ರೇಷ್ಮೆ ನೂಲು ಬಿಚ್ಚುವವರ ಮನೆಯ ಮಗಳು. ಗಾಳಿಯಲ್ಲಿ ತೇಲುವ ಹೊಗೆಯ ಕಣಗಳನ್ನು ಜೀವನವಿಡೀ ಅಳೆದವರು. ಸೌಮ್ಯಳಿಗೆ ಸಂಶೋಧನೆ ಕಲಿಸಿದವರು.

ಎಲ್ಲ ಕೇಳಿ ಅವರು ಟೀ ಕುದಿಯಲು ಇಟ್ಟರು. “ನನ್ನ ಇಂಟರ್‌ವ್ಯೂನಲ್ಲಿ ಏನು ಕೇಳಿದ್ರು ಗೊತ್ತಾ? ನಿಮ್ಮ ಯಜಮಾನರು ಒಪ್ತಾರಾ ಅಂತ. ಹೊರಗೆ ಬೆಂಚ್ ಮೇಲೆ ಮಗು ಎತ್ಕೊಂಡು ಕೂತವ್ರೆ, ಕರೆಸಿ ಕೇಳಿ ಅಂದೆ.”

“ಕೇಳಿದ್ರಾ?”

“ಕೇಳಿದ್ರು. ನಮ್ಮವರು, ಮಗು ಅಳ್ತಾ ಐತೆ, ಬೇಗ ಮುಗಿಸಿ ಸಾರ್ ಅಂದ್ರು. ಕೆಲಸ ಸಿಕ್ತು.” ಲೋಟ ಮುಂದಿಟ್ಟರು. “ನೋಡು ಬೇಟಾ, ನನ್ನ ಜೊತೆ ಸೇರಿದ ಹುಡುಗೀರು ಒಬ್ಬೊಬ್ಬರೇ ಬಿಟ್ಟು ಹೋದರು. ಮಗು, ಅತ್ತೆ, ಗಂಡನ ವರ್ಗ. ಬುದ್ಧಿ ಕಮ್ಮಿ ಇದ್ದು ಹೋದವರು ಯಾರೂ ಇಲ್ಲ. ಮೊದಲು ಕುರ್ಚಿ ಹಿಡಿ. ಆಮೇಲೆ ತಿದ್ದುಪಡಿ ಬರಿ. ಯಾವ ವಿಜ್ಞಾನಿ ತಪ್ಪು ತಿದ್ದಿಲ್ಲ? ನಿನ್ನ ತಮ್ಮನಿಗೆ ಮಾತ್ರ ಈಗಲೇ ಹೇಳಿಬಿಡು.”

“ತಮ್ಮನಿಗೆ ಹೇಳಬಹುದು. ಕರಪತ್ರ ಈ ವಾರ ಅಚ್ಚಿಗೆ ಹೋಗುತ್ತೆ ಮೇಡಂ, ಸಂದರ್ಶನ ಮುಂದಿನ ವಾರ. ಅದನ್ನ ನಿಲ್ಲಿಸೋಕೆ ಕಾರಣ ಬರೆದು ಕೊಡಬೇಕು. ಬರೆದುಕೊಟ್ಟ ಮೇಲೆ ಸಂದರ್ಶನದಲ್ಲಿ ಬೇರೆ ಮಾತಾಡೋಕಾಗಲ್ಲ.”

“ಆಗಲ್ಲ” ಎಂದು ಒಪ್ಪಿಕೊಂಡರು ಕೆಹಕಶಾನ್. ಅವಳ ಲೋಟಕ್ಕೆ ಇನ್ನಷ್ಟು ಟೀ ಬಗ್ಗಿಸುತ್ತಾ, “ಆದ್ರೂ ನಾನು ನಿನ್ನ ಜಾಗದಲ್ಲಿದ್ರೆ ಕುರ್ಚೀನೇ ಹಿಡೀತಿದ್ದೆ. ಸುಳ್ಳು ಯಾಕೆ ಹೇಳಲಿ” ಎಂದರು.

ಮರುದಿನ ಸೌಮ್ಯ ತಮ್ಮನಿಗೆ ಫೋನಿನಲ್ಲಿ ಹೇಳಿ, ಸಂಘಕ್ಕೆ ಬರೆದು ಕರಪತ್ರ ನಿಲ್ಲಿಸಿದಳು. ಪತ್ರಿಕೆಯಿಂದ ಪ್ರಬಂಧ ವಾಪಸು ಪಡೆದಳು. ಮೂರನೆಯ ದಿನ ಅನಂತರಾಜು, “ಒಂದು ವಾರ ತಡೆದಿದ್ದರೆ ಹಂಚು ಓಡಿಹೋಗ್ತಿತ್ತಾ?” ಎಂದ. ಅವಳು ಹೊಸ ನಕ್ಷೆಗಳನ್ನು ಬರೆಯುತ್ತಿದ್ದಳು. ತಲೆ ಎತ್ತದೆ, “ಹಿಟ್ಟು ಮುಗಿದಿದೆ. ಅಕ್ಕಿ ನೆನೆಹಾಕಿ” ಎಂದಳು. ಎಷ್ಟು ಅಕ್ಕಿಗೆ ಎಷ್ಟು ಉದ್ದು ಎಂದು ಅವನು ಕೇಳಿದ. ಹೇಳಿದಳು.

ಸಂದರ್ಶನದಲ್ಲಿ ಐವರು ಕೂತಿದ್ದರು. ಅವರ ಮುಂದೆ ಇದ್ದದ್ದು ಹಳೆಯ ಫಲಿತಾಂಶದ ಸಾರಾಂಶ. ಅದು ತಪ್ಪು ಎಂದು ಹೇಳಿಯೇ ಸೌಮ್ಯ ಮಾತು ಶುರುಮಾಡಿದಳು. ತಂಪಿನ ಬಹುಪಾಲು ಹಂಚಿನದಲ್ಲ, ನೀರಿನ ಆವಿಯದು. ಆ ನೀರನ್ನು ಹೊತ್ತು ತಂದು ಎರಚುತ್ತಿದ್ದವರು ಮನೆಯ ಹೆಂಗಸರು. ತವರುಮನೆಯ ನಕ್ಷೆಯನ್ನು ತೋರಿಸುವಾಗ, ಈ ನಾಲ್ಕು ಡಿಗ್ರಿಯಲ್ಲಿ ಮೂರು ಡಿಗ್ರಿ ಶ್ವೇತ ಎಂಬವರ ಕೆಲಸ ಎಂದಳು.

ಕನ್ನಡಕದ ಹಿರಿಯರೊಬ್ಬರು, “ಇದು ಸಮಾಜಶಾಸ್ತ್ರದ ಕಡೆ ಹೋಯಿತಲ್ಲ” ಎಂದರು.

“ನೀರು ಆವಿಯಾಗೋದು ಭೌತಶಾಸ್ತ್ರ ಸರ್. ಎರಚಿದವರನ್ನ ಲೆಕ್ಕಕ್ಕೆ ತಗೊಳ್ಳದೆ ನನ್ನ ಭೌತಶಾಸ್ತ್ರ ತಪ್ಪಾಯಿತು.”

ಪಕ್ಕದಲ್ಲಿದ್ದ ಮಹಿಳೆ ಕೇಳಿದ್ದು ನೇರವಾದ ಪ್ರಶ್ನೆ. “ಸೆನ್ಸರ್ ಕೆಟ್ಟಿದೆ ಅಂತ ದತ್ತಾಂಶ ಕೈಬಿಟ್ಟಿರಿ. ಕೆಟ್ಟಿದೆಯೇ ಅಂತ ಪರೀಕ್ಷೆ ಮಾಡಿದ್ದಿರಾ?”

“ಇಲ್ಲ” ಎಂದಳು ಸೌಮ್ಯ.

ಹುದ್ದೆ ಬೇರೊಬ್ಬರಿಗೆ ಹೋಯಿತು. ಕಾರಣ ಯಾರೂ ಹೇಳಲಿಲ್ಲ. ಗುತ್ತಿಗೆ ಇನ್ನೊಂದು ವರ್ಷಕ್ಕೆ ಮುಂದುವರಿಯಿತು. ತಿದ್ದಿದ ಯೋಜನೆಯಲ್ಲಿ ಪ್ರತಿ ಮನೆಯಲ್ಲೂ ಒಬ್ಬ ಸಹಾಯಕರನ್ನು ಇಟ್ಟುಕೊಳ್ಳಲು ಅನುಮತಿ ಸಿಕ್ಕಿತು. ನೀರು ಎಷ್ಟು, ಯಾವಾಗ ಎಂಬುದನ್ನು ಈ ಸಲ ಸೆನ್ಸರಿನ ಜೊತೆಗೇ ದಾಖಲಿಸಬೇಕಿತ್ತು.

ಜೂನ್‌ನಲ್ಲಿ ಅದನ್ನು ಹೇಳಲು ತವರಿಗೆ ಹೋದಳು. ಹಿತ್ತಿಲ ಹಂಚನ್ನು ನಾಗರಾಜು ಆಗಲೇ ಮಾರಿದ್ದ. ಚೆಲುವಯ್ಯ ಮಗಳನ್ನು ಕಂಡವನೇ, “ಗೋಣಿತಾಟಿನ ಪುರಾಣ ಹೇಳಾಕೋಗಿ ಕೆಲ್ಸ ಕಳ್ಕಂಡ್ಯಂತೆ” ಎಂದ.

“ಕೆಲಸ ಐತಪ್ಪ. ಕಾಯಂ ಆಗ್ಲಿಲ್ಲ ಅಷ್ಟೆ.”

ಸೌಮ್ಯ ಒಳಗೆ ಹೋಗಿ ಶ್ವೇತಳಿಗೆ ವಿವರಿಸಿದಳು. ನೀರು ಹಾಕಿದಾಗೆಲ್ಲ ಮೊಬೈಲಿನಲ್ಲಿ ಒಂದು ಗುಂಡಿ ಒತ್ತಬೇಕು.

ಶ್ವೇತ ಸೊಪ್ಪು ಕತ್ತರಿಸುತ್ತಲೇ ಕೇಳಿಸಿಕೊಂಡಳು. “ನೀರೂ ನಾನೇ ಹಾಕ್ಬೇಕು, ಹಾಕ್ದೆ ಅಂತಾನೂ ನಾನೇ ಒತ್ತಬೇಕು. ಇದೂ ಒಂದು ಹೊಸ ಕೆಲ್ಸ ತಂದ್ರಿ ಅತ್ತಿಗೆ.”

“ಪುಕ್ಕಟೆ ಅಲ್ಲ. ಫೀಲ್ಡ್ ಅಸಿಸ್ಟೆಂಟ್ ಅಂತ ಹೆಸರು ಹಾಕ್ತೀನಿ. ತಿಂಗಳ ಸಂಬಳ ಐತೆ.”

ಕತ್ತಿ ನಿಂತಿತು. “ಯಾರ ಅಕೌಂಟಿಗೆ?”

“ನಿಂದೇ.”

ಶ್ವೇತ ಹೊರಗೆ ಇಣುಕಿ ನೋಡಿದಳು. ನಾಗರಾಜು ಬೈಕು ತೊಳೆಯುತ್ತಿದ್ದ.

“ನಿಮ್ಮ ತಮ್ಮಂಗೆ ಈಗ್ಲೇ ಹೇಳ್ಬೇಡಿ” ಎಂದಳು. “ಅತ್ತೆಗೆ ನಾನೇ ಹೇಳ್ತೀನಿ. ಇನ್ಮೇಲೆ ನಾನು ಮಾಗಡಿಗೆ ಹೋದ್ರೆ ನೀರು ಹಾಕೋರು ಅವ್ರೇ. ಆ ದಿನದ ಸಂಬಳ ಅವ್ರಿಗೆ ಸೇರ್ಬೇಕು. ಅದುನ್ನೂ ಬರ್ಕಳಿ.”

ಸೌಮ್ಯ ಬರೆದುಕೊಂಡಳು.